ನಮ್ಮ ಕಡೆಯ ಹೆಂಗಸರಿಗೆ ಮೂಲವ್ಯಾಧಿ ಇಲ್ಲವೆಂಬ ತಮ್ಮ ಉತ್ತರಕ್ಕೆ

ವೈದ್ಯ ಇಲಾಖೆಯ ಮೇಲಧಿಕಾರಿಗಳಾದ ಮಾನ್ಯರೇ,

ನಮಗೆ ಹತ್ತಿರದ ಧರ್ಮಾಸ್ಪತ್ರೆಗೆ ತಿಂಗಳಿಗೊಂದು ದಿನವಾದರೂ ಒಬ್ಬ ಲೇಡಿ ಡಾಕ್ಟರನ್ನು ಕಳಿಸಿಕೊಡಬೇಕೆಂದು ನಾನು ಬರೆದುಕೊಂಡ ಅರ್ಜಿಗೆ ತಮ್ಮ ಕಚೇರಿಯ ಉತ್ತರ ಮೂರು ತಿಂಗಳ ಮೇಲೆ ಕೈಸೇರಿತು. ‘ಸದರಿ ಧರ್ಮಾಸ್ಪತ್ರೆಯ ರಿಜಿಸ್ಟರನ್ನು ಪರಿಶೀಲಿಸಲಾಗಿ, ಕಳೆದ ಮೂರು ವರ್ಷಗಳಲ್ಲಿ ಮೂಲವ್ಯಾಧಿಯ ಬಗ್ಗೆ ಯಾವ ಸ್ತ್ರೀಯೂ ಹಾಜರಾಗಿರುವುದಿಲ್ಲ. ಅರ್ಜಿಯಲ್ಲಿ ಯಾವ ರೋಗಿಯ ಹೆಸರನ್ನೂ ಕಾಣಿಸಿರುವುದಿಲ್ಲ. ಆದುದರಿಂದ ಕೋರಿಕೆಗೆ ಆಧಾರವಿಲ್ಲ’ ಎಂದು ಅದರಲ್ಲಿ ಬರೆದಿದೆ. ಈ ಉತ್ತರ ಅನ್ಯಾಯವಾದದ್ದೆಂದು ತಮಗೆ ತಿಳಿಸುವುದಕ್ಕಾಗಿಯೂ, ತಮಗೆ ತಿಳಿಸಿದ್ದನ್ನು ನಾಲ್ಕು ಜನ ಓದಲಿ ಎಂಬುದಕ್ಕಾಗಿಯೂ ಈ ಸಲ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ಉತ್ತರವೇನೋ ಸೊಗಸಾಗಿದೆ. ಅಕ್ಷರ ದುಂಡಾಗಿದೆ, ಕಾಗುಣಿತದ ತಪ್ಪಿಲ್ಲ, ಕೆಳಗೆ ಮೊಹರು ಓರೆಯಾಗದೆ ಬಿದ್ದಿದೆ. ತೊಂದರೆ ಇರುವುದು ಒಂದೇ. ಗಂಡಸು ಡಾಕ್ಟರ ಮುಂದೆ ಈ ಕಾಯಿಲೆಯನ್ನು ತೋರಿಸಲಾರದೆ ಹೆಂಗಸರು ಆಸ್ಪತ್ರೆಗೆ ಹೋಗುತ್ತಿಲ್ಲ, ಅದಕ್ಕೇ ಹೆಂಗಸು ಡಾಕ್ಟರನ್ನು ಕಳಿಸಿ ಎಂದು ನಾನು ಬೇಡಿಕೊಂಡೆ. ಹೆಂಗಸರು ಆಸ್ಪತ್ರೆಗೆ ಬರುತ್ತಿಲ್ಲ, ಅದಕ್ಕೇ ಹೆಂಗಸು ಡಾಕ್ಟರು ಬೇಕಾಗಿಲ್ಲ ಎಂದು ತಾವು ಅಪ್ಪಣೆ ಕೊಡಿಸಿದಿರಿ. ನಾನು ಅರ್ಜಿ ಹಾಕಲು ಏನು ಕಾರಣವೋ, ತಾವು ಅದನ್ನು ತಳ್ಳಿಹಾಕಲೂ ಅದೇ ಕಾರಣವಾಯಿತು. ಇನ್ನು ನಾನು ಆಧಾರವನ್ನು ಎಲ್ಲಿಂದ ತರಲಿ? ರಿಜಿಸ್ಟರಿನಲ್ಲಿ ಹೆಸರಿದ್ದರೆ ಡಾಕ್ಟರು ಬರುತ್ತಾರೆ, ಡಾಕ್ಟರು ಬಂದರೆ ಹೆಸರು ಬರುತ್ತದೆ. ಇವೆರಡರಲ್ಲಿ ಯಾವುದು ಮೊದಲಾಗಬೇಕೆಂದು ತಮ್ಮ ಕಚೇರಿಯಲ್ಲಿ ಯಾರಾದರೂ ಯೋಚಿಸಿದ್ದುಂಟೆ?

ನಾನು ಹುಣಸೂರು ತಾಲ್ಲೂಕು ವೀರನಹೊಸಹಳ್ಳಿಯ ಪಕ್ಕದ ಒಂದು ಸಣ್ಣ ಹಳ್ಳಿಯ ರೈತ. ನಾಲ್ಕೆಕರೆ ಹೊಲ, ಕೆರೆಯ ಕೆಳಗೆ ಒಂದು ತುಂಡು ಗದ್ದೆ. ಲೋಯರ್ ಸೆಕೆಂಡರಿ ಪಾಸು ಮಾಡಿದ ತಪ್ಪಿಗೆ ಸುತ್ತಲ ಊರುಗಳ ಅರ್ಜಿಗಳೆಲ್ಲ ನನ್ನ ಜಗಲಿಗೇ ಬರುತ್ತವೆ. ದನಗಳನ್ನು ಹುಲ್ಲುಗಾವಲಿಗೆ ಬಿಡಬೇಕೆಂದು, ಆನೆ ತುಳಿದ ರಾಗಿಗೆ ಕಂದಾಯ ಬಿಡಬೇಕೆಂದು, ಬಾವಿಗೆ ಗಡಗಡೆ ಬೇಕೆಂದು ಹನ್ನೆರಡು ವರ್ಷಗಳಿಂದ ಬರೆದುಕೊಟ್ಟಿದ್ದೇನೆ. ಸರ್ಕಾರದ ಭಾಷೆ ನನಗೆ ಹೊಸದಲ್ಲ. ‘ಪರಿಶೀಲಿಸಲಾಗಿ’ ಎಂಬಲ್ಲಿ ಯಾರೂ ಪರಿಶೀಲಿಸಿಲ್ಲವೆಂದೂ, ‘ಆದುದರಿಂದ’ ಎಂಬಲ್ಲಿ ಮುಂದೇನೂ ಇಲ್ಲವೆಂದೂ ಬಲ್ಲೆ. ನನ್ನ ಸ್ವಂತಕ್ಕೆಂದು ಬರೆದದ್ದು ಮಾತ್ರ ಇದೇ ಮೊದಲು.

ಪತ್ರಿಕೆಯಲ್ಲಿ ಬರೆಯುವ ವಿಷಯವೇ ಇದು ಎಂದು ಓದುಗರು ಮೂಗು ಮುರಿದಾರು. ನಾನೂ ಮುರಿದವನೇ. ಮಲೇರಿಯದ ಬಗ್ಗೆ ಯಾರು ಬೇಕಾದರೂ ಜಗಲಿಯ ಮೇಲೆ ಕುಳಿತು ಮಾತನಾಡಬಹುದು. ಪ್ಲೇಗಿನ ಬಗ್ಗೆ ಲಾವಣಿ ಕಟ್ಟಿ ಹಾಡಿದವರನ್ನೂ ಕಂಡಿದ್ದೇನೆ. ಮೂಲವ್ಯಾಧಿ ಎಂದರೆ ಮಾತ್ರ ಗಂಡಸರು ನಗುತ್ತಾರೆ, ಹೆಂಗಸರು ಎದ್ದು ಒಳಗೆ ಹೋಗುತ್ತಾರೆ. ಗಂಡಸರ ಪಾಡು ಹೇಗೋ ಸಾಗುತ್ತದೆ. ನಮ್ಮೂರಿನ ದೊಡ್ಡಮಾದಯ್ಯ ಕುದುರೆ ಲಾಳದ ಮೊಳೆಯಿಂದ ಉಂಗುರ ಮಾಡಿಸಿ ಬೆರಳಿಗೆ ಹಾಕಿಕೊಂಡಿದ್ದಾನೆ. ಆ ಉಂಗುರ ಏತಕ್ಕೆಂದು ಕೂಸುಗಳಿಗೂ ಗೊತ್ತು. ಅವನು ಸಂತೆಯಲ್ಲಿ ನಿಂತು, ‘ಈ ಸಲ ಉಳ್ಳಿಕಾಳು ಮುಟ್ಟಿಲ್ಲ ಕಣ್ಲಾ, ವಸಿ ವಾಸಿ’ ಎಂದು ನಾಲ್ಕು ಜನರ ಮುಂದೆಯೇ ಹೇಳುತ್ತಾನೆ. ಅಂಥ ಉಂಗುರವನ್ನು ಹಾಕಿಕೊಂಡ ಹೆಂಗಸನ್ನು ನಾನು ಈವರೆಗೆ ಕಂಡಿಲ್ಲ.

ಇನ್ನು ನನ್ನ ಮನೆಯ ಸಂಗತಿ. ನನ್ನ ಹೆಂಡತಿ ಪುಟ್ಟಲಕ್ಷ್ಮಿಗೆ ಎರಡು ವರ್ಷದ ಹಿಂದೆ ಚೊಚ್ಚಲ ಹೆರಿಗೆ ಅವಳ ತವರಿನಲ್ಲಾಯಿತು. ತವರು ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆ ದಾಟಿ ಎನ್. ಬೇಗೂರಿನ ಕಡೆ, ಕಾಡಂಚಿನ ಊರು. ಹೆರಿಗೆ ಸುಖವಾಗಿ ಆಯಿತು, ಹೆಣ್ಣುಮಗು. ಕಷ್ಟ ಶುರುವಾದದ್ದು ಆಮೇಲೆ. ನಮ್ಮ ಕಡೆ ಬಾಣಂತಿಯನ್ನು ಕತ್ತಲೆ ಕೋಣೆಯಲ್ಲಿ ಮಲಗಿಸಿ, ಹೊಟ್ಟೆಗೆ ಹಳೆಯ ಸೀರೆ ಬಿಗಿದು, ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಒಣ ಅನ್ನಕ್ಕೆ ಕಾಳುಮೆಣಸು ಬೆಳ್ಳುಳ್ಳಿಯ ಪುಡಿ ಕಲಸಿ ಕೊಡುತ್ತಾರೆ. ಸೊಪ್ಪು ಶೀತ, ಮಜ್ಜಿಗೆ ಶೀತ, ಬಾಳೆಹಣ್ಣು ಶೀತ. ಎಲ್ಲಕ್ಕಿಂತ ದೊಡ್ಡ ಶೀತ ನೀರು. ಹಗಲಿಗೆರಡು ಸಲ, ಸಣ್ಣ ಲೋಟದಲ್ಲಿ ಅರ್ಧ, ಅದೂ ಬಿಸಿಯಾಗಿ. ಹೆಚ್ಚಿಗೆ ಕುಡಿದರೆ ಬಾಣಂತಿಗೆ ಹೊಟ್ಟೆ ಬರುತ್ತದೆ, ಕೂಸಿಗೆ ನೆಗಡಿಯಾಗುತ್ತದೆ. ಇದನ್ನು ಮಾಡುವವರು ದುಷ್ಟರಲ್ಲ. ನನ್ನ ಅತ್ತೆ ಕೆಂಪಾಜಮ್ಮ ಮಗಳಿಗಾಗಿ ಪ್ರಾಣ ಕೊಟ್ಟಾರು, ನೀರು ಮಾತ್ರ ಕೊಡಲಾರರು.

ಐದು ತಿಂಗಳು ಹೀಗೆ ಒಣಗಿದ ಕರುಳು ಏನು ಮಾಡೀತೆಂದು ತಮಗೆ ನಾನು ಹೇಳಬೇಕಾಗಿಲ್ಲ. ನನ್ನ ಹೆಂಡತಿ ಮಾತ್ರ ನನಗೂ ಹೇಳಲಿಲ್ಲ, ಮನೆಗೆ ಬಂದು ಏಳು ತಿಂಗಳಾದರೂ ಹೇಳಲಿಲ್ಲ. ಹೋದ ವರ್ಷ ಸುಗ್ಗಿ ಮುಗಿದ ಮೇಲೆ ಹುಣಸೂರಿನಲ್ಲಿ ನನ್ನ ತಂಗಿಯ ಕೂಸಿಗೆ ಹೆಸರಿಡುವ ಶಾಸ್ತ್ರವಿತ್ತು. ಗಾಡಿ ಕಟ್ಟಿದೆ. ಅವಳು ನಮ್ಮ ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿ, ‘ನೀವು ಓಗ್ತಿರಿ, ನಾನು ಇಂದ್ಗಡೆ ನಡ್ಕಂಡು ಬತ್ತೀನಿ’ ಎಂದಳು. ಗಾಡಿಯಲ್ಲಿ ಹುಲ್ಲು ಹಾಸಿದೆ, ಮೇಲೆ ಕಂಬಳಿ ಹಾಸಿದೆ, ಆದರೂ ಹತ್ತಲಿಲ್ಲ. ಖಾಲಿ ಗಾಡಿಯ ಹಿಂದೆ ಹೆಂಡತಿ ನಡೆದು ಬರುತ್ತಿದ್ದಾಳೆ, ಗಂಡ ಮೂಕಿಯ ಮೇಲೆ ರಾಯನಂತೆ ಕುಳಿತಿದ್ದಾನೆ. ದಾರಿಯಲ್ಲಿ ಸಿಕ್ಕಿದವರೆಲ್ಲ ನಿಂತು ನೋಡಿದರು. ‘ಏನ್ಲಾ ಸಣ್ಣಯ್ಯ, ಎಡ್ತೀನ ನಡುಸ್ಕಂಡು ನೀನು ಕೂತಿದ್ದೀಯಲ್ಲ’ ಎಂದು ಒಬ್ಬ ಕೇಳಿಯೂ ಬಿಟ್ಟ. ನಾನೂ ಮಗುವನ್ನು ಎತ್ತಿಕೊಂಡು ಇಳಿದು ನಡೆದೆ. ಎರಡು ಮೈಲಿಯಾದ ಮೇಲೆ, ಎತ್ತುಗಳು ತಮ್ಮ ಪಾಡಿಗೆ ಮುಂದೆ ಹೋಗುತ್ತಿರುವಾಗ, ಅವಳು ನೆಲ ನೋಡಿಕೊಂಡು ಹೇಳಿದಳು.

‘ಕೂತ್ಕಳಾಕೆ ಆಗಾಕಿಲ್ಲ ಕಣ್ರೀ. ರಕ್ತ ಓಯ್ತದೆ.’

‘ಎಷ್ಟು ದಿನದಿಂದ?’

‘ಕೂಸು ಉಟ್ಟಿ ಎರಡು ತಿಂಗ್ಳಾಗಿತ್ತು ಆವಾಗ.’

‘ಯಾಕೆ ಹೇಳಲಿಲ್ಲ?’

‘ಏನಂತ ಯೋಳನಿ’ ಎಂದಳು. ಆ ದಿನ ನಾನು ಅವಳ ಮುಖವನ್ನು ಸರಿಯಾಗಿ ನೋಡಿದೆ. ಹೊಲದ ಕೆಲಸದಲ್ಲಿ ಕಂದಿದ್ದಾಳೆ ಎಂದುಕೊಂಡಿದ್ದೆ. ಕಣ್ಣಿನ ಒಳರೆಪ್ಪೆ ಬೆಳ್ಳಗೆ ಕಾಗದದಂತಾಗಿತ್ತು. ಒಂದೇ ಮನೆಯಲ್ಲಿದ್ದು ನೋಡದೆ ಹೋದೆನಲ್ಲ ಎಂದು ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಆಮೇಲೆ ಮನೆಮದ್ದಿನ ಕಾಲ. ಸುವರ್ಣಗಡ್ಡೆ ಬೇಯಿಸಿ ತಿನ್ನಿಸಿದ್ದಾಯಿತು, ಮುಟ್ಟಿದರೆ ಮುನಿಯ ಸೊಪ್ಪನ್ನು ಹಾಲಿನಲ್ಲಿ ಅರೆದು ಕೊಟ್ಟದ್ದಾಯಿತು. ಇಲ್ಲಿ ಇನ್ನೊಂದು ಸಿಕ್ಕು. ನಮ್ಮವರ ಪ್ರಕಾರ ಮೂಲವ್ಯಾಧಿ ಉಷ್ಣದ ಕಾಯಿಲೆ, ತಂಪು ಕೊಡಬೇಕು. ಹಾಲೂಡಿಸುವ ತಾಯಿಗೆ ತಂಪು ಕೂಡದು, ಉಷ್ಣ ಕೊಡಬೇಕು. ಅತ್ತೆಯವರು ನಮ್ಮ ಮನೆಗೆ ಬಂದಾಗಲೆಲ್ಲ ನಾನು ಕೊಟ್ಟ ಮಜ್ಜಿಗೆಯನ್ನು ಎಮ್ಮೆಯ ಕಲಗಚ್ಚಿಗೆ ಸುರಿದು, ಮೆಣಸಿನ ಸಾರು ಕಾಯಿಸಿ ಕುಡಿಸುತ್ತಿದ್ದರು. ‘ಅಳೀಮಯ್ಯ, ಅವುಳ್ದು ಓಗ್ಲಿ, ಕೂಸಿಗೆ ಕಫ ಕಟ್ಟಿದ್ರೆ ಏನ್ ಮಾಡೀರಿ’ ಎನ್ನುವರು. ಪುಟ್ಟಲಕ್ಷ್ಮಿ ಇಬ್ಬರ ಮಾತಿಗೂ ಹೂಂ ಎಂದು, ಕೊಟ್ಟದ್ದನ್ನೆಲ್ಲ ಕುಡಿದು, ನಿಂತುಕೊಂಡೇ ಊಟ ಮಾಡುತ್ತಿದ್ದಳು.

ಆಸ್ಪತ್ರೆಗೆ ಹೋಗೋಣವೆಂದೆ. ಡಾಕ್ಟರು ಗಂಡಸು, ಕಾಂಪೌಂಡರು ಗಂಡಸು, ಪರೀಕ್ಷೆಯ ಕೋಣೆಗೆ ಬಾಗಿಲಿನ ಬದಲು ಒಂದು ಪರದೆ, ಪರದೆಯ ಈಚೆ ಬೆಂಚಿನ ಮೇಲೆ ನಮ್ಮ ಬಂಧುಬಳಗವೆಲ್ಲ. ‘ಅಲ್ಲಿ ಮನೀಕಳಾದಕ್ಕಿಂತ ಕೆರೆ ಬಾವಿ ನೋಡ್ಕಳಾದು ವಾಸಿ’ ಎಂದಳು. ತಮಾಷೆಗೆ ಹೇಳಿದ ಮಾತಲ್ಲವೆಂದು ನನಗೆ ಗೊತ್ತಿತ್ತು. ಆಗ ನನಗೊಂದು ಉಪಾಯ ಹೊಳೆಯಿತು. ಅರ್ಜಿ ಬರೆಯುವವನಿಗೆ ಹೊಳೆಯುವಂಥ ಉಪಾಯವೇ ಅದು. ಇನ್ನೊಬ್ಬರ ಕಷ್ಟವನ್ನು ‘ನಾನು’ ಎಂದು ಬರೆದು ನನಗೆ ಅಭ್ಯಾಸ. ಅವಳ ಬಾಧೆಯನ್ನೆಲ್ಲ ಕೇಳಿ ತಿಳಿದುಕೊಂಡು, ಬಾಯಿಪಾಠ ಮಾಡಿ, ನನಗೇ ಕಾಯಿಲೆ ಎಂದು ಹೇಳಿ ಮದ್ದು ತಂದುಬಿಡೋಣವೆಂದು ಏಳು ಮೈಲಿ ನಡೆದು ಹೋದೆ.

ಡಾಕ್ಟರು ಒಳ್ಳೆಯವರು. ಅವರ ಮೇಲೆ ನನ್ನದೇನೂ ದೂರಿಲ್ಲ, ದಯವಿಟ್ಟು ಅವರನ್ನು ಎತ್ತಂಗಡಿ ಮಾಡಬೇಡಿ. ನಾನು ಹೇಳಿದ್ದನ್ನೆಲ್ಲ ಸಹನೆಯಿಂದ ಕೇಳಿದರು. ಯಾವಾಗ ಶುರುವಾಯಿತೆಂದು ಕೇಳಿದಾಗ ಹೆರಿಗೆಯಾದ ಮೇಲೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಇದು ದೆವ್ವವೂ ಅಲ್ಲ, ಉಷ್ಣವೂ ಅಲ್ಲ ಎಂದು ಅವರು ವಿವರಿಸಿದರು. ಗುದದ ಹತ್ತಿರದ ರಕ್ತನಾಳಗಳು ಒತ್ತಡಕ್ಕೆ ಸಿಕ್ಕಿ ಉಬ್ಬುತ್ತವೆ. ಮಲ ಗಟ್ಟಿಯಾಗಿ ದಿನಾ ತಿಣುಕಿದರೆ ಹಾಗಾಗುತ್ತದೆ, ಬಸುರಿನ ಭಾರಕ್ಕೂ ಹಾಗಾಗುತ್ತದೆ. ನೀರು ಚೆನ್ನಾಗಿ ಕುಡಿಯಬೇಕು, ಸೊಪ್ಪು ಹಣ್ಣು ತಿನ್ನಬೇಕು, ಬಹಿರ್ದೆಸೆಗೆ ಅವಸರವಾದಾಗ ತಡೆಯಕೂಡದು, ಅಲ್ಲಿ ಬಹಳ ಹೊತ್ತು ಕೂರಲೂ ಕೂಡದು. ಅಗಲವಾದ ಪಾತ್ರೆಯಲ್ಲಿ ಉಗುರುಬೆಚ್ಚನೆಯ ನೀರು ತುಂಬಿ ಅದರಲ್ಲಿ ಕುಳಿತರೆ ನೋವು ಇಳಿಯುತ್ತದೆ. ಮಾಚಿಕಾಯಿಯ ಮುಲಾಮು ಇದೆ, ಹಚ್ಚಬಹುದು. ಯಾವುದಕ್ಕೂ ಬಗ್ಗದಿದ್ದರೆ ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಕಟ್ಟು ಹಾಕಿ ತೆಗೆಯುತ್ತಾರೆ, ಹೆದರಬೇಕಾದ್ದಿಲ್ಲ. ಕೇಳುತ್ತ ಕೇಳುತ್ತ ನನಗೆ ಅಳು ಬಂತು. ಇಷ್ಟು ಸುಲಭದ ಮಾತುಗಳಿಗಾಗಿ ಅವಳು ಒಂದು ವರ್ಷ ರಕ್ತ ಸುರಿಸಿದ್ದಳು.

ಆಮೇಲೆ ಡಾಕ್ಟರು, ‘ಎಲ್ಲಿ, ಒಳಗೆ ಬಾ, ನೋಡೋಣ’ ಎಂದರು.

ನಾನು ಇದನ್ನು ಎಣಿಸಿರಲಿಲ್ಲ. ಬೇಡ ಸ್ವಾಮಿ, ಮುಲಾಮು ಕೊಟ್ಟರೆ ಸಾಕು ಎಂದೆ. ‘ರಕ್ತ ಬಿದ್ದದ್ದೆಲ್ಲ ಮೂಲವ್ಯಾಧಿಯೇ ಅಲ್ಲವಯ್ಯ. ಬೇರೆ ಏನಾದರೂ ಇದ್ದರೆ? ನೋಡದೆ ನಾನು ಮದ್ದು ಕೊಡುವವನಲ್ಲ’ ಎಂದರು. ಪರದೆಯ ಹಿಂದೆ ಹೋದೆ. ಅಲ್ಲಿ ನಡೆದದ್ದನ್ನು ಬರೆಯುವುದಿಲ್ಲ. ಬರೆಯಬೇಕಾದದ್ದು ಇಷ್ಟೇ: ನಾನು ಗಂಡಸು, ನನ್ನನ್ನು ನೋಡಿದವರು ಗಂಡಸು, ಆದರೂ ಆ ಮೇಜಿನ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದಾಗ ಪರದೆಯಾಚೆ ಯಾರೋ ಕೆಮ್ಮಿದರೆ ಮೈಯೆಲ್ಲ ಹಿಡಿಯಾಯಿತು. ಅವಳು ಕೆರೆ ಬಾವಿಯ ಮಾತೆತ್ತಿದ್ದು ಏಕೆಂದು ಆಗ ನನಗೆ ತಿಳಿಯಿತು.

‘ನಿನಗೇನೂ ಇಲ್ಲವಲ್ಲಯ್ಯ’ ಎಂದರು ಡಾಕ್ಟರು. ‘ಯಾರ ಕಾಯಿಲೆ ಇದು?’

ಹೇಳಿದೆ. ಅವರು ಬೈಯಲಿಲ್ಲ, ಸುಮ್ಮನೆ ಕೈ ತೊಳೆದುಕೊಂಡರು. ‘ಆಕೆಯನ್ನೇ ಕರೆದುಕೊಂಡು ಬಾ. ಇಷ್ಟು ದಿನ ರಕ್ತ ಹೋಗಿದೆ ಎನ್ನುತ್ತೀಯೆ. ಇನ್ನೊಂದು ಬಸುರಾದರೆ, ಮೈಯಲ್ಲಿ ರಕ್ತವಿಲ್ಲದೆ ಹೆರುವುದು ಹುಡುಗಾಟವಲ್ಲ’ ಎಂದರು. ಅವಳು ಬರುವುದಿಲ್ಲವಲ್ಲ ಸ್ವಾಮಿ ಎಂದೆ. ‘ಯಾರೂ ಬರುವುದಿಲ್ಲ. ನಾನು ಇಲ್ಲಿಗೆ ಬಂದು ಮೂರು ವರ್ಷವಾಯಿತು’ ಎಂದು ಹೇಳಿ ರಿಜಿಸ್ಟರು ಎಳೆದುಕೊಂಡರು. ನನ್ನ ಹೆಸರಿನ ಮುಂದೆ ‘ಪರೀಕ್ಷಿಸಲಾಗಿ ವ್ಯಾಧಿಯಿಲ್ಲ’ ಎಂದು ಬರೆದರು. ತಾವು ಪರಿಶೀಲಿಸಿದ್ದು ಅದೇ ರಿಜಿಸ್ಟರನ್ನು. ನನ್ನ ಹೆಂಡತಿಯ ಕಾಯಿಲೆ ಅದರಲ್ಲಿ ಗಂಡನ ಹೆಸರಿನಲ್ಲಿ, ಇಲ್ಲವೆಂದು ದಾಖಲಾಗಿದೆ. ಈ ತಪ್ಪು ನನ್ನದು, ಒಪ್ಪಿಕೊಳ್ಳುತ್ತೇನೆ.

ಡಾಕ್ಟರು ಹೇಳಿದ್ದರಲ್ಲಿ ಮನೆಯಲ್ಲಿ ಆಗುವುದನ್ನು ಮಾಡಿದೆವು. ಭತ್ತ ಬೇಯಿಸುವ ಕೊಪ್ಪರಿಗೆಯಲ್ಲಿ ಬೆಚ್ಚನೆಯ ನೀರು ಹಾಕಿ ಕೂರಿಸಿದೆ. ಆ ಕೊಪ್ಪರಿಗೆಯನ್ನು ಆಮೇಲೆ ಭತ್ತಕ್ಕೆ ಹಚ್ಚಲು ನನ್ನ ತಾಯಿ ಒಪ್ಪಲಿಲ್ಲ, ಹೋಗಲಿ ಬಿಡಿ. ನೋವು ಕಡಿಮೆಯಾಯಿತು. ನೀರು, ಸೊಪ್ಪು ನಡೆಯಿತು. ನಡೆಯದೆ ಹೋದದ್ದು ಒಂದು. ಅವಸರವಾದಾಗ ತಡೆಯಕೂಡದು ಎಂದರಲ್ಲ, ಅದು. ನಮ್ಮೂರಿನಲ್ಲಿ ಹೆಂಗಸರು ಬಯಲಿಗೆ ಹೋಗುವುದು ಬೆಳಕು ಹರಿಯುವ ಮುಂಚೆ ಒಂದು ಸಲ, ಹೊತ್ತು ಮುಳುಗಿದ ಮೇಲೆ ಒಂದು ಸಲ. ರಾಗಿ ತೆನೆಯಾಯಿತೆಂದರೆ ಆ ಎರಡು ಹೊತ್ತಿನಲ್ಲಿಯೂ ಕಾಡಿನಿಂದ ಆನೆ ಇಳಿಯುತ್ತದೆ. ಆನೆ ಹಿಂದಿರುಗುವ ಹೊತ್ತಿಗೆ ಬೆಳಕಾಗುತ್ತದೆ, ಬೆಳಕಾದರೆ ಗಂಡಸರು ಹೊಲದಲ್ಲಿರುತ್ತಾರೆ. ಆಗ ಹೆಂಗಸರು ಮಾಡುವುದೇನು? ತಡೆದುಕೊಳ್ಳುತ್ತಾರೆ. ತಡೆದುಕೊಳ್ಳಬೇಕಾದೀತೆಂದು ನೀರು ಬಿಡುತ್ತಾರೆ, ಊಟ ಬಿಡುತ್ತಾರೆ. ಮೂರು ತಿಂಗಳು ಹೀಗೆ. ನಮ್ಮ ಹಿತ್ತಲಿನಲ್ಲಿ ನಾನು ತಡಿಕೆ ಕಟ್ಟಿ ಗುಂಡಿ ತೋಡಿದೆ, ಊರೆಲ್ಲ ನಕ್ಕಿತು. ಈಗ ಪಕ್ಕದ ಮೂರು ಮನೆಯ ಹೆಂಗಸರು ಅಲ್ಲಿಗೇ ಬರುತ್ತಾರೆ, ಅವರ ಗಂಡಂದಿರು ಇನ್ನೂ ನಗುತ್ತಿದ್ದಾರೆ.

ಅಷ್ಟರಲ್ಲಿ ಅವಳು ಮತ್ತೆ ಬಸುರಿಯಾದಳು. ಗುಣವಾಗುತ್ತ ಬಂದದ್ದು ಮರುಕಳಿಸಿತು. ಈಗ ಏಳು ತಿಂಗಳು. ನಾಲ್ಕು ಮೆಟ್ಟಿಲು ಹತ್ತಿದರೆ ಕಂಬ ಹಿಡಿದು ನಿಲ್ಲುತ್ತಾಳೆ.

ಅರ್ಜಿ ಹಾಕಿದ್ದು ಕಾಯಿಲೆ ಹಾಗೆ ಮರುಕಳಿಸಿದಾಗ. ಒಬ್ಬಳಿಗಾಗಿ ಸರ್ಕಾರ ಡಾಕ್ಟರನ್ನು ಕಳಿಸಲಾರದೆಂದು ನನಗೆ ಗೊತ್ತು. ನಮ್ಮ ನಾಲ್ಕು ಹಳ್ಳಿಗಳಿಗೆ ಸೂಲಗಿತ್ತಿಯಾದ ಮಾಯಮ್ಮನನ್ನು ಕೇಳಿದೆ. ಈ ಬಾಧೆಯಿರುವ ಹೆಂಗಸರು ಎಷ್ಟು ಜನ ನಿನಗೆ ಗೊತ್ತು ಎಂದರೆ, ಆಕೆ ಮೊರದಲ್ಲಿ ಹುಣಸೆಬೀಜ ಹಾಕಿಕೊಂಡು ಕುಳಿತು, ತುಟಿಯಲ್ಲೇ ಹೆಸರು ಹೇಳಿಕೊಳ್ಳುತ್ತ ಒಂದೊಂದೇ ಬೀಜ ಈಚೆಗೆ ಸರಿಸಿದಳು. ಮೂವತ್ತೊಂದಾಯಿತು. ಹೆಸರು ಹೇಳು, ಬರೆದುಕೊಳ್ಳುತ್ತೇನೆ ಎಂದೆ. ‘ಎಸ್ರು ಯೋಳಾಕಿಲ್ಲ ಕಣಪ್ಪ. ನಾಳೀಕೆ ಯಾವ ಮನೆಗೂ ನನ್ನ ಸೇರ್ಸಾಕಿಲ್ಲ’ ಎಂದಳು. ಆ ಬೀಜಗಳನ್ನೇ ಲಕೋಟೆಯಲ್ಲಿಟ್ಟು ತಮಗೆ ಕಳಿಸೋಣವೆನಿಸಿತ್ತು. ತೂಕ ಹೆಚ್ಚಾದೀತೆಂದು ಬಿಟ್ಟು, ‘ಸುಮಾರು ಮೂವತ್ತು ಸ್ತ್ರೀಯರು’ ಎಂದು ಮಾತ್ರ ಬರೆದೆ. ತಮ್ಮ ಕಚೇರಿ ಹೆಸರು ಕೇಳಿತು.

ಮಾನ್ಯರೇ, ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ನಮ್ಮ ಕಾಡಿನಲ್ಲಿ ಖೆಡ್ಡಾದಲ್ಲಿ ಹಿಡಿದ ಆನೆಯ ಕಾಲಿಗೆ ಹಗ್ಗ ಕೊರೆದು ಹುಣ್ಣಾದರೆ ನೋಡಲು ಡಾಕ್ಟರು ಬರುತ್ತಾರೆ. ಬರಲಿ, ಬಹಳ ಸಂತೋಷ, ಅದೂ ಬಾಯಿಲ್ಲದ ಜೀವ. ಆದರೆ ಆ ಆನೆ ಯಾವ ರಿಜಿಸ್ಟರಿನಲ್ಲಿ ಹಾಜರಿ ಹಾಕಿಸಿತ್ತು? ಅದರ ನೋವನ್ನು ಕಂಡವರು ಹೇಳಿದರು, ಸರ್ಕಾರ ನಂಬಿತು. ನಮ್ಮ ಹೆಂಗಸರ ನೋವನ್ನು ಸೂಲಗಿತ್ತಿ ಕಂಡಿದ್ದಾಳೆ, ಗಂಡ ಕಂಡಿದ್ದಾನೆ, ಅವರ ಮಾತು ಮಾತ್ರ ತಮ್ಮ ನಂಬಿಕೆಗೆ ಸಾಲದು. ಹೆಂಗಸು ತಾನೇ ಪರದೆಯ ಹಿಂದೆ ಹೋಗಿ ಮೇಜಿನ ಮೇಲೆ ಮಲಗಿ ರುಜುವಾತು ಮಾಡಬೇಕು. ತಮ್ಮ ಮನೆಯ ಹೆಂಗಸರಿಗೆ ಈ ಬಾಧೆ ಬಂದರೆ ತಾವು ಅವರನ್ನು ಯಾವ ಪರದೆಯ ಹಿಂದೆ ಕಳಿಸುತ್ತೀರಿ? ಮೈಸೂರಿನಲ್ಲಿ ಲೇಡಿ ಡಾಕ್ಟರು ಇದ್ದಾರೆ ಎನ್ನಬಹುದು. ಇದ್ದಾರೆ. ನನ್ನ ಹೆಂಡತಿ ಗಾಡಿಯಲ್ಲಿ ಕೂರಲಾರಳು, ಮೋಟಾರಿನಲ್ಲಿ ಕೂರಲಾರಳು, ಏಳು ತಿಂಗಳ ಹೊಟ್ಟೆ ಹೊತ್ತು ಅಷ್ಟು ದೂರ ನಡೆಯಲಾರಳು.

ತಮ್ಮ ಉತ್ತರ ಬಂದ ದಿನ ಅತ್ತೆಯವರು ನಮ್ಮ ಮನೆಯಲ್ಲಿದ್ದರು. ದಾರಿಯ ನೆಂಟರ ಮನೆಗಳಲ್ಲಿ ತಂಗುತ್ತ, ದಿನಕ್ಕಿಷ್ಟು ಎಂದು ಮೆಲ್ಲಗೆ ನಡೆಸಿಕೊಂಡು ಮಗಳನ್ನು ಹೆರಿಗೆಗೆ ಕರೆದುಕೊಂಡು ಹೋಗಲು ಬಂದಿದ್ದರು. ಚೈತ್ರದಲ್ಲಿ ದಿನ ತುಂಬುತ್ತದೆ. ತವರಿನಲ್ಲಿ ಬಾಣಂತಿ ಕೋಣೆಗೆ ಸಗಣಿ ಸಾರಿಸಿಟ್ಟು ಬಂದಿದ್ದಾರಂತೆ, ಮೆಣಸು ಬೆಳ್ಳುಳ್ಳಿ ಕೂಡಿಟ್ಟಿದ್ದಾರಂತೆ. ನಾನು ಕಾಗದ ಓದಿದೆ. ಪುಟ್ಟಲಕ್ಷ್ಮಿ ಗೋಡೆಗೆ ಒರಗಿ ನಿಂತು ಕೇಳಿದಳು.

‘ಎಸ್ರು ಬೇಕಂತಾ?’

‘ಹೂಂ.’

‘ಒಬ್ಬುಳ್ದು ಸಾಕಾ?’

ಸಾಕೋ ಇಲ್ಲವೋ, ಒಬ್ಬಳಾದರೂ ಇದ್ದಾಳೆಂದು ತೋರಿಸಬಹುದು ಎಂದೆ. ಅವಳು, ‘ಅಂಗಾರೆ ನಂದು ಬರೀರಿ’ ಎಂದಳು.

ಅತ್ತೆ ಎದ್ದುನಿಂತರು. ‘ಬಾಯಿ ಮುಚ್ಚೇ. ಕಾಗದದಲ್ಲಿ ಅಚ್ಚಾಕುಸ್ಕಂಡು ಕೇರೀಲಿ ಎಂಗೆ ತಿರುಗೀಯೆ? ನಾಳೆ ನಿನ್ ಮಗುಳ್ನ ಯಾರು ಸೊಸೆ ಅಂತ ತತ್ತಾರೆ?’ ಎಂದರು. ಆಕೆ ಹೇಳಿದ್ದು ಸುಳ್ಳಲ್ಲ. ಪುಟ್ಟಲಕ್ಷ್ಮಿ ತಲೆ ತಗ್ಗಿಸಿದಳು, ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅತ್ತೆ ಒಳಗೆ ಹೋದರು, ಮತ್ತೆ ಹೊರಗೆ ಬಂದರು, ಬಾಗಿಲ ಚೌಕಟ್ಟು ಹಿಡಿದು ನಿಂತರು. ನನ್ನ ಕಡೆ ನೋಡದೆ ಹೇಳಿದರು.

‘ಅಳೀಮಯ್ಯ, ಎಸ್ರು ಬೇಕಾದ್ರೆ ನಂದು ಆಕಿ. ಇವ್ಳು ಎಳೇವ್ಳು.’

‘ನೀವು ಯಾಕೆ, ಅತ್ತೆ?’

‘ನಂಗೂ ಅದೆ. ಇವುಳ್ನ ಎತ್ತ ಬಾಣಂತನದಲ್ಲಿ ಬಂದುದ್ದು.’

ಪುಟ್ಟಲಕ್ಷ್ಮಿಗೆ ಈಗ ಇಪ್ಪತ್ತೆರಡು ವರ್ಷ. ಅಷ್ಟು ವರ್ಷ ಆಕೆ ನಾಟಿ ಮಾಡಿದ್ದಾರೆ, ರಾಗಿ ಬೀಸಿದ್ದಾರೆ, ಮತ್ತೆ ನಾಲ್ಕು ಹೆತ್ತಿದ್ದಾರೆ, ಯಾರಿಗೂ ಹೇಳಿಲ್ಲ. ಮಗಳು ತಾಯಿಯ ಮುಖವನ್ನೇ ನೋಡಿದಳು. ‘ನಿಂಗೂ ಇದ್ದು, ನಂಗೆ ನೀರು ಕೊಡ್ಲಿಲ್ವಲ್ಲವ್ವ’ ಎಂದಳು. ಸಿಟ್ಟಿನಿಂದ ಕೇಳಿದ್ದಲ್ಲ. ಅತ್ತೆಯವರು ಸೆರಗು ಬಾಯಿಗೆ ಒತ್ತಿಕೊಂಡು ಕುಳಿತುಬಿಟ್ಟರು. ಆಕೆ ಕೂರುವಾಗ ಒಂದು ಕೈ ನೆಲಕ್ಕೂರಿ, ಒಂದು ಮಗ್ಗುಲಾಗಿ ಇಳಿಯುವುದನ್ನು ಆರು ವರ್ಷದಿಂದ ಕಂಡಿದ್ದೇನೆ, ಮಂಡಿನೋವೆಂದುಕೊಂಡಿದ್ದೆ.

ಇಷ್ಟಾದ ಮೇಲೆ ಈ ಸಲದ ಬಾಣಂತನ ಬೇರೆ ರೀತಿ ನಡೆದೀತೆಂದು ತಾವು ಎಣಿಸಬಹುದು. ನಾನೂ ಎಣಿಸಿದೆ. ನೀರಿನ ಮಾತೆತ್ತಿದೆ. ಆಕೆ ತಲೆಯಾಡಿಸಿದರು. ‘ನಮ್ಮವ್ವ ಕೊಡ್ಲಿಲ್ಲ, ನಮ್ಮಜ್ಜಿ ಕೊಡ್ಲಿಲ್ಲ. ಕೊಟ್ಟು ಇವ್ಳಿಗೇನಾರ ಆದ್ರೆ ನಾನು ಉಳಿಯಾಕಿಲ್ಲ. ನೀವು ಗಂಡುಸ್ರು, ನಿಮ್ಗೇನ್ ಗೊತ್ತು ಬಾಣಂತನ’ ಎಂದರು. ಡಾಕ್ಟರೂ ಹೇಳಿದ್ದಾರೆ ಎಂದೆ. ‘ಅವ್ರೂ ಗಂಡುಸ್ರೇಯ. ಓದಿರೋ ಎಂಗ್ಸು ಒಬ್ಬಳು ಬಂದು, ಇವುಳ್ನ ಮುಟ್ಟಿ ನೋಡಿ, ಕೊಡು ಕೆಂಪಾಜಮ್ಮ ಅಂದ್ರೆ ಕೊಡ್ತೀನಿ’ ಎಂದರು. ಹಟದಿಂದ ಆಡಿದ ಮಾತಾಗಿದ್ದರೆ ಜಗಳವಾಡುತ್ತಿದ್ದೆ. ಭಯದಿಂದ ಆಡಿದ ಮಾತಿಗೆ ನಾನು ಏನು ಮಾಡಲಿ? ಹೆರಿಗೆ ತವರಿನಲ್ಲಾಗುತ್ತದೆ, ಕೋಣೆಯ ಬಾಗಿಲು ಆಕೆಯ ಕೈಯಲ್ಲಿ. ಸೂತಕದ ಹನ್ನೊಂದು ದಿನ ನಾನು ಹೊಸ್ತಿಲು ದಾಟುವಂತಿಲ್ಲ.

ಆದುದರಿಂದ, ಮಾನ್ಯರೇ, ತಮ್ಮ ಕಚೇರಿ ಕೇಳಿದ ಹೆಸರುಗಳನ್ನು ಇಲ್ಲಿ ಕಾಣಿಸಿದ್ದೇನೆ. ಒಂದು, ಪುಟ್ಟಲಕ್ಷ್ಮಿ, ಸಣ್ಣಯ್ಯನ ಹೆಂಡತಿ, ವಯಸ್ಸು ಇಪ್ಪತ್ತೆರಡು, ಎರಡು ವರ್ಷದಿಂದ. ಎರಡು, ಕೆಂಪಾಜಮ್ಮ, ಆಕೆಯ ತಾಯಿ, ವಯಸ್ಸು ನಲವತ್ತೈದರ ಮೇಲೆ, ಇಪ್ಪತ್ತೆರಡು ವರ್ಷದಿಂದ. ಇಬ್ಬರೂ ಬದುಕಿದ್ದಾರೆ, ಇಬ್ಬರೂ ಒಪ್ಪಿ ಹೇಳಿದ್ದಾರೆ. ಮಿಕ್ಕ ಹೆಂಗಸರನ್ನು ಬೇಕಾದರೆ ಆಮೇಲೆ ಪರಿಶೀಲಿಸಿ. ಮುಲಾಮು ಕಳಿಸದಿದ್ದರೂ ಚಿಂತೆಯಿಲ್ಲ, ಆಸ್ಪತ್ರೆಯ ಪರೀಕ್ಷೆಯ ಕೋಣೆಗೆ ಬಾಗಿಲು ಇಡಿಸದಿದ್ದರೂ ಈ ವರ್ಷ ತಡೆದುಕೊಳ್ಳುತ್ತೇವೆ. ಚೈತ್ರ ಹುಟ್ಟುವುದರೊಳಗೆ ಒಂದು ದಿನದ ಮಟ್ಟಿಗೆ ಒಬ್ಬ ಲೇಡಿ ಡಾಕ್ಟರನ್ನು ಎನ್. ಬೇಗೂರಿನ ಕಡೆಗೆ ಕಳಿಸಿಕೊಡಿ. ಹ್ಯಾಂಡ್‌ಪೋಸ್ಟಿಗೆ ಬಂದರೆ ಅಲ್ಲಿಂದ ನಾನು ಗಾಡಿಯಲ್ಲಿ ಕರೆದೊಯ್ಯುತ್ತೇನೆ. ಅವರು ನನ್ನ ಹೆಂಡತಿಯನ್ನು ಮುಟ್ಟಿ ನೋಡಿ, ನನ್ನ ಅತ್ತೆಗೆ ಒಂದೇ ಮಾತು ಹೇಳಬೇಕು: ಬಾಣಂತಿಗೆ ಬಾಯಾರಿದಾಗ ನೀರು ಕೊಡಮ್ಮ ಎಂದು.

ಇಂತಿ,
ಹೆಂಡತಿಯ ಮತ್ತು ಅತ್ತೆಯ ಹೆಸರನ್ನು ಅಚ್ಚು ಹಾಕಿಸಿ, ನಾಳೆ ಊರಿನಲ್ಲಿ ಯಾರ ಮುಖ ಹೇಗೆ ನೋಡಲಿ ಎಂದು ತಿಳಿಯದೆ, ತಮ್ಮ ಉತ್ತರಕ್ಕೆ ಮತ್ತೆ ಮೂರು ತಿಂಗಳು ಕಾಯಲಾರದ
ಸಣ್ಣಯ್ಯ
ಈಶ್ವರ ಸಂವತ್ಸರದ ಮಾಘ ಬಹುಳ ಪಂಚಮಿ